ಹೇಂಟೆಯ ದನಿಯಲ್ಲಿ ಕರೆದ ಮೂರು ವಸಂತಗಳು

ಅಮೆರಿಕದ ಪೆನ್ಸಿಲ್ವೇನಿಯಾದ ಗುಡ್ಡಗಾಡಿನಲ್ಲಿ ವಸಂತಕಾಲದ ಕಾಡು ಟರ್ಕಿ ಕೋಳಿಯ ಬೇಟೆಗೆ ಹೋಗತೊಡಗಿದ ಮೂರನೆಯ ವರ್ಷ ನನಗೆ ಮೊದಲ ಹುಂಜ ಸಿಕ್ಕಿತು. ಈ ಋತುವಿನಲ್ಲಿ ಎದೆಯ ಮೇಲೆ ಗಡ್ಡದಂಥ ಕುಚ್ಚು ಇರುವ ಹಕ್ಕಿಯನ್ನು ಮಾತ್ರ ಹೊಡೆಯಬಹುದೆಂಬುದು ಅಲ್ಲಿನ ನಿಯಮ. ಹಕ್ಕಿಯ ಸದ್ದು ಹಿಡಿದು ಹೊಂಚುತ್ತಾ ಅದರ ಬಳಿಗೆ ಹೋಗುವಂತಿಲ್ಲ, ಕರೆದೇ ಬರಮಾಡಿಕೊಳ್ಳಬೇಕು. ಮುದ್ರಿಸಿದ ದನಿ ಕೇಳಿಸುವ ಯಂತ್ರಗಳಿಗೂ ಅವಕಾಶವಿಲ್ಲ. ಆದ್ದರಿಂದ ಕರೆಯುವುದನ್ನು ಕಲಿಯದೆ ಈ ಬೇಟೆಯೇ ಇಲ್ಲ.

ನಾನು ಕಲಿತದ್ದು ಬಾಕ್ಸ್ ಕಾಲ್‌ನಿಂದ. ತೆಳುವಾದ ಗೋಡೆಗಳ ಉದ್ದನೆಯ ಮರದ ಪೆಟ್ಟಿಗೆ, ಒಂದು ತುದಿಯಲ್ಲಿ ತಿರುಪಿನಿಂದ ಬಿಗಿದ ಹಿಡಿಯುಳ್ಳ ಮುಚ್ಚಳ. ಸೀಮೆಸುಣ್ಣ ಸವರಿದ ಮುಚ್ಚಳವನ್ನು ಗೋಡೆಯ ಅಂಚಿಗೆ ಉಜ್ಜಿದರೆ ಯೆಲ್ಪ್, ಅಂದರೆ ಹೇಂಟೆ ಕರೆಯುವ ಕೂಗು, ಹೊರಡುತ್ತದೆ. ಅರ್ಕನ್ಸಾದ ಹೆನ್ರಿ ಗಿಬ್ಸನ್ 1897ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ ಇಂದಿಗೂ ಹೆಚ್ಚು ಬದಲಾಗಿಲ್ಲ. ಯೆಲ್ಪ್ ಒಂದೇ ಸ್ವರವಲ್ಲ. ತೆಳ್ಳಗೆ ಮೇಲೆ ಹುಟ್ಟಿ, ನಡುವೆ ಒಡೆದು, ಒರಟಾಗಿ ಕೆಳಕ್ಕೆ ಬೀಳಬೇಕು. ಆ ಒಡೆಯುವಿಕೆ ಕೈಗೆ ಹತ್ತಲು ನನಗೆ ಇಡೀ ಚಳಿಗಾಲ ಹಿಡಿಯಿತು. ಹೇಂಟೆಯ ಮೆಲುದನಿಯ ಗುರುಗುಟ್ಟುವಿಕೆಯಾದ ಪರ್ರ್‌ಗೆ ಮಾತ್ರ, ಕಲ್ಲಿನ ಬಿಲ್ಲೆಯ ಮೇಲೆ ಕಡ್ಡಿಯಿಂದ ಗೀರಿ ದನಿ ಹೊರಡಿಸುವ ಸ್ಲೇಟ್ ಕಾಲ್ ಬಳಸುತ್ತೇನೆ.

ದನಿ ಚೆನ್ನಾಗಿದ್ದರೂ ಮೊದಲ ಎರಡು ವರ್ಷ ಹಕ್ಕಿ ಸಿಗದಿರಲು ಕಾರಣ ನನ್ನ ಆತುರ. ಹುಂಜ ಕೂಗಿದಾಗಲೆಲ್ಲ ನಾನು ಉತ್ತರಿಸುತ್ತಿದ್ದೆ. ಅದು ನೂರು ಗಜ ದೂರದಲ್ಲಿ ನಿಂತು ಬಾಲ ಬಿಚ್ಚಿ ಸುತ್ತುತ್ತಿತ್ತೇ ಹೊರತು ಮುಂದೆ ಬರುತ್ತಿರಲಿಲ್ಲ. ಅವುಗಳ ಲೋಕದಲ್ಲಿ ಹುಂಜ ಕೂಗಿದರೆ ಹೇಂಟೆಯೇ ಅದರ ಬಳಿಗೆ ಹೋಗುವುದು ವಾಡಿಕೆ. ನಾನು ಮತ್ತೆ ಮತ್ತೆ ಉತ್ತರಿಸಿದಷ್ಟೂ, ಹೇಂಟೆ ಹೇಗೂ ಬರುತ್ತಿದೆ ಎಂದು ಅದು ನಿಂತಲ್ಲೇ ಕಾಯುತ್ತಿತ್ತು.

ಮೂರನೆಯ ವರ್ಷ, ಮೇ ತಿಂಗಳ ಮೊದಲ ವಾರದ ಒಂದು ನಸುಕಿನಲ್ಲಿ, ದಿಬ್ಬದ ಮೇಲಿನ ಓಕ್ ಮರದಲ್ಲಿ ರಾತ್ರಿ ತಂಗಿದ್ದ ಹುಂಜವೊಂದು ಗೂಬೆಯ ಕೂಗಿಗೆ ದನಿಗೊಟ್ಟಿತು. ಕೆಳಗಿಳಿದದ್ದೇ ಎರಡು ಹೇಂಟೆಗಳ ಹಿಂದೆ ಹೋಗಿಬಿಟ್ಟಿತು. ನಾನು ಕರೆಯಲಿಲ್ಲ, ಜೊತೆಯಲ್ಲೇ ಹೇಂಟೆಗಳಿರುವಾಗ ಕಾಣದ ಹೇಂಟೆಯನ್ನು ಹುಡುಕಿಕೊಂಡು ಅದೇಕೆ ಬಂದೀತು? ಆದರೆ ಮೊಟ್ಟೆಯಿಡುವ ಕಾಲದಲ್ಲಿ ಹೊತ್ತೇರುತ್ತಿದ್ದಂತೆ ಹೇಂಟೆಗಳು ಒಂದೊಂದಾಗಿ ಗೂಡಿನತ್ತ ಜಾರಿಕೊಳ್ಳುತ್ತವೆ, ಹುಂಜ ಒಂಟಿಯಾಗುತ್ತದೆ. ಒಂಬತ್ತೂವರೆಗೆ, ಅದು ಹಿಂದಿನ ದಿನಗಳಲ್ಲಿ ರೆಕ್ಕೆಯ ತುದಿಗಳಿಂದ ನೆಲ ಗೀರಿದ್ದ ಹಳೆಯ ಮರಸಾಗಣೆ ದಾರಿಯ ಮೇಲ್ಭಾಗದಲ್ಲಿ, ಹೆಗಲಿಗಿಂತ ಅಗಲವಾದ ಮರಕ್ಕೆ ಬೆನ್ನು ಕೊಟ್ಟು ಕುಳಿತೆ. ಬೆನ್ನ ಹಿಂದಿನಿಂದ ಇನ್ನೊಬ್ಬ ಬೇಟೆಗಾರ ಗುರಿಯಿಟ್ಟರೂ ಮರ ಕಾಯುತ್ತದೆ. ಹುಂಜದ ತಲೆಯ ಬಣ್ಣಗಳಾದ ಕೆಂಪು, ಬಿಳಿ, ನೀಲಿ ಮೈಮೇಲೆ ಎಲ್ಲಿಯೂ ಇರಬಾರದು; ಇದರಲ್ಲಿ ನಾನು ಎಂದೂ ರಾಜಿ ಮಾಡಿಕೊಳ್ಳುವುದಿಲ್ಲ.

ಮೂರೇ ಮೂರು ಮೆಲುವಾದ ಯೆಲ್ಪ್ ಹಾಕಿ, ಮೇವು ಕೆದಕುವ ಹೇಂಟೆಯಂತೆ ಒಣ ಎಲೆಗಳನ್ನು ಕೈಯಿಂದ ಕೆದಕಿದೆ. ದೂರದಿಂದ ಒಂದು ಕೂಗು ಬಂತು. ನಾನು ಸುಮ್ಮನಾದೆ. ಸುಮಾರು ನಲವತ್ತು ನಿಮಿಷ ಏನೂ ಕೇಳಲಿಲ್ಲ. ಋತುವಿನ ಮೊದಲರ್ಧದಲ್ಲಿ ನಡುಹಗಲಿಗೆ ಬೇಟೆ ನಿಲ್ಲಿಸಬೇಕಾದ್ದರಿಂದ ಕೈ ಪೆಟ್ಟಿಗೆಯ ಕಡೆಗೆ ತಾನಾಗಿಯೇ ಹೋಗುತ್ತಿತ್ತು. ಆಮೇಲೆ ಕಿವಿಗಿಂತ ಮೊದಲು ಎದೆಗೆ ತಟ್ಟುವಂಥ ತಗ್ಗಿದ ಗುಂಯ್‌ಗುಡುವಿಕೆ. ಬಾಲ ಬಿಚ್ಚಿದ ಹುಂಜ ತೀರ ಹತ್ತಿರದಲ್ಲಿದ್ದಾಗ ಮಾತ್ರ ಅದು ಕೇಳಿಸುತ್ತದೆ. ದಾರಿಯ ತಿರುವಿನಲ್ಲಿ ಬಿಳಿಯ ನೆತ್ತಿ ಮೂಡಿತು. ಟರ್ಕಿಯ ಕಣ್ಣಿಗೆ ಚಿಕ್ಕ ಅಲುಗಾಟವೂ ತಪ್ಪುವುದಿಲ್ಲವಾದ್ದರಿಂದ, ಅದರ ತಲೆ ಮರದ ಮರೆಗೆ ಸರಿದ ಕ್ಷಣದಲ್ಲೇ ಬಂದೂಕು ಎತ್ತಿದೆ. ಅದು 30 ಗಜದೊಳಗೆ ಬಂದು ಕತ್ತು ನೀಡಿ ಹೇಂಟೆಯನ್ನು ಹುಡುಕುತ್ತಾ ನಿಂತಾಗ ಕತ್ತಿಗೆ ಗುಂಡು ಹಾರಿಸಿದೆ.

ಹೊಡೆದ ಹಕ್ಕಿಗೆ ಕಟ್ಟಬೇಕಾದ ಬೇಟೆ ಪರವಾನಗಿಯ ಚೀಟಿ, ಅಂದರೆ ಟ್ಯಾಗ್, ಕಟ್ಟಿ ಮನೆಗೆ ತಂದು ಹಸನು ಮಾಡುವಾಗ ಕುತ್ತಿಗೆಯ ಬುಡದ ಮೇವಿನ ಚೀಲವನ್ನು ಬಿಡಿಸಿ ನೋಡಿದೆ. ಒಂದೆರಡು ಹಸಿರು ಚಿಗುರು ಬಿಟ್ಟರೆ ಅದು ಖಾಲಿಯಾಗಿತ್ತು. ಈ ಕಾಲದಲ್ಲಿ ಹುಂಜಗಳು ಮೇವನ್ನು ಮರೆತು, ಎದೆಯಲ್ಲಿ ಕೂಡಿಟ್ಟ ಕೊಬ್ಬಿನ ಮೇಲೆಯೇ ದಿನ ದೂಡುತ್ತವೆ.