ಲ್ಯಾಪ್‌ಟಾಪ್ ಪೂರ್ತಿ ಕನ್ನಡಕ್ಕೆ ತಿರುಗಿಸಿದ್ದು: ನನ್ನ ಅನುಭವ

ಸಾಗರದಲ್ಲಿ ನನ್ನದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ. ಹದಿನೇಳು ವರ್ಷದಿಂದ ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯ ಕೀಬೋರ್ಡಿನ ಮೇಲೇ ಬದುಕು. ಅದು ಬೆರಳಿಗೆ ಹತ್ತಿದವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಎಫ್ ಒತ್ತಿದರೆ ಏನಾಗುತ್ತದೆ, ಯುನಿಕೋಡ್ ಅಂದರೇನು ಅಂತ ಮೊದಲಿಂದ ಹೇಳುತ್ತ ಕೂರುವುದಿಲ್ಲ. ಕನ್ನಡದಲ್ಲಿ ಟೈಪ್ ಮಾಡುವುದು ನಮಗ್ಯಾರಿಗೂ ದೊಡ್ಡ ಕೆಲಸವಲ್ಲ. ನನಗೆ ಬೇಕಾಗಿದ್ದು ಅದಕ್ಕಿಂತ ಮುಂದಿನದು. ಲ್ಯಾಪ್‌ಟಾಪ್ ತೆರೆದರೆ ಕಾಣುವ ಮೆನು, ಅದು ಕೇಳುವ ಪ್ರಶ್ನೆ, ಕೊಡುವ ಎಚ್ಚರಿಕೆ ಎಲ್ಲ ಕನ್ನಡದಲ್ಲಿರಬೇಕು, ಕೈಗೆ ಗೊತ್ತಿರುವ ಕೀಬೋರ್ಡೂ ಹಾಗೇ ಉಳಿಯಬೇಕು. ಎರಡೂ ಒಟ್ಟಿಗೆ ಆಗುವುದಿಲ್ಲ ಅಂದವರು ಕಡಿಮೆಯೆಂದರೂ ಐದು ಜನ. ಈಗ ಎಂಟು ತಿಂಗಳಿಂದ ನಮ್ಮ ಅಂಗಡಿ ಹಾಗೇ ನಡೆಯುತ್ತಿದೆ.

ಶುರುವಾದದ್ದು ಒಂದು ಉಪನಯನದ ಪತ್ರಿಕೆಯಿಂದ. ಮಧ್ಯಾಹ್ನ ನಾನು ಊಟಕ್ಕೆ ಹೋದಾಗ ಹೆಂಡತಿ ಅಂಗಡಿಯಲ್ಲಿರುತ್ತಾಳೆ. ಅವಳ ಟೈಪಿಂಗ್ ನನಗಿಂತ ವೇಗ, ತಪ್ಪೂ ಕಡಿಮೆ. ಆದರೆ ಓದಿದ್ದೆಲ್ಲ ಕನ್ನಡದಲ್ಲಿ. ಪರದೆಯ ಮೇಲೆ ಇಂಗ್ಲಿಷ್ ಪ್ರಶ್ನೆಯೊಂದು ಎದ್ದು ನಿಂತರೆ ಅವಳ ಕೈ ಅಲ್ಲೇ ನಿಲ್ಲುತ್ತದೆ. ಆವತ್ತು ಬೆಳಿಗ್ಗೆಯಿಂದ ಕರೆಂಟಿಲ್ಲ, ಬ್ಯಾಟರಿ ಕೊನೆಗೆ ಬಂದಿತ್ತು. ಅವಸರದಲ್ಲಿ ಮುಚ್ಚಲು ಹೋದಳು, ಮೂರು ಬಟನ್ ಬಂದವು. ಎರಡರಲ್ಲಿ ‘ಸೇವ್’ ಅನ್ನುವ ಪದವಿತ್ತು. ಒತ್ತಿದ್ದು ‘ಡೋಂಟ್ ಸೇವ್’. ನಾಲ್ಕು ಪುಟದ ಪತ್ರಿಕೆ, ಬಂಧುಗಳ ಹೆಸರೇ ಎರಡು ಪುಟ, ಎಲ್ಲ ಹೋಯಿತು. ರಾತ್ರಿ ಅವಳು ಕೇಳಿದ್ದು ಒಂದೇ ಮಾತು: “ಕನ್ನಡದಲ್ಲಿ ಕೇಳಿದ್ರೆ ನಾನು ತಪ್ಪು ಒತ್ತುತ್ತಿದ್ನೇನ್ರೀ?” ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಾರನೇ ದಿನವೇ ಕೆಲಸಕ್ಕೆ ಕೂತೆ. ಅಂಗಡಿಯ ಹೊಸ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11. ಸೆಟ್ಟಿಂಗ್ಸ್‌ಗೆ ಹೋಗಿ ಭಾಷೆಗಳ ಪಟ್ಟಿಗೆ ಕನ್ನಡ ಸೇರಿಸಿದೆ, ಡೌನ್‌ಲೋಡೂ ಆಯಿತು. ಡಿಸ್‌ಪ್ಲೇ ಭಾಷೆ ಬದಲಿಸಲು ಹೋದರೆ, ಈ ಲೈಸೆನ್ಸಿಗೆ ಒಂದೇ ಭಾಷೆ ಅಂತ ಬಂತು. ಪೆಟ್ಟಿಗೆಯ ಮೇಲಿನ ಚೀಟಿ ಆಗ ಓದಿದೆ: ‘ಹೋಮ್ ಸಿಂಗಲ್ ಲಾಂಗ್ವೇಜ್’. ಆ ಆವೃತ್ತಿಯಲ್ಲಿ ಕೀಬೋರ್ಡ್ ಎಷ್ಟು ಭಾಷೆಯದ್ದು ಬೇಕಾದರೂ ಹಾಕಿಕೊಳ್ಳಬಹುದು, ತೋರಿಸುವ ಭಾಷೆ ಮಾತ್ರ ಒಂದೇ. ಬದಲಿಸಬೇಕಾದರೆ ಪ್ರೊಗೆ ಏರಬೇಕು. ಲ್ಯಾಪ್‌ಟಾಪ್ ಕೊಳ್ಳುವವರು ಈ ಮೂರು ಪದ ಇದೆಯಾ ಅಂತ ಮೊದಲು ನೋಡಿ. ನಾನು ನೋಡಿರಲಿಲ್ಲ.

ಇಲ್ಲಿಂದ ದುಡ್ಡು ಹೋಗಲು ಶುರು. ಒಬ್ಬ ರಿಪೇರಿಯವರು “ಪ್ರೊ ಹಾಕಿಕೊಡ್ತೀನಿ, ಸಾವಿರದೈನೂರು ಕೊಡಿ” ಅಂದರು. ಕೊಟ್ಟೆ. ಹಾಕಿದ್ದರು ನಿಜ, ಆದರೆ ಅಸಲಿಯಲ್ಲ. ಎರಡು ವಾರಕ್ಕೆ ಆಕ್ಟಿವೇಟ್ ಮಾಡಿ ಅನ್ನುವ ಬರಹ ಪರದೆಯ ಮೂಲೆಯಲ್ಲಿ ಬಂದು ಕೂತಿತು. ಅದರ ಜೊತೆ ಡಿ ಡ್ರೈವ್‌ನಲ್ಲಿದ್ದ ಗ್ರಾಹಕರ ಫೈಲುಗಳೂ ಅಳಿಸಿಹೋಗಿದ್ದವು, ಬ್ಯಾಕಪ್ ಇದ್ದದ್ದು ಅರ್ಧ ಮಾತ್ರ. ಆಮೇಲೆ ಯಾರೋ ಹೇಳಿದರೆಂದು ಆನ್‌ಲೈನಿನಲ್ಲಿ ಎಂಟುನೂರು ರೂಪಾಯಿಯ ಕೀ ಕೊಂಡೆ. ಎರಡು ತಿಂಗಳು ನಡೆದು ನಿಂತುಹೋಯಿತು. ಸರಿಯಾದ ದಾರಿಯಲ್ಲಿ ಪ್ರೊ ಕೊಳ್ಳೋಣವೆಂದರೆ ಆ ತಿಂಗಳು ಜೆರಾಕ್ಸ್ ಮೆಷಿನ್ನಿನ ಡ್ರಮ್ ಹೋಗಿತ್ತು, ಕೈಯಲ್ಲಿ ಅಷ್ಟು ಹಣವಿರಲಿಲ್ಲ.

ಈ ಹೊತ್ತಿಗೆ ಬುದ್ಧಿ ಹೇಳುವವರು ಹೆಚ್ಚಾದರು. ಪಕ್ಕದ ಬೀದಿಯ ಡಿಟಿಪಿ ಗೆಳೆಯ, “ಎಂತಕ್ಕೆ ಮಾರಾಯ ಇದೆಲ್ಲ, ನಾಲ್ಕು ಇಂಗ್ಲಿಷ್ ಶಬ್ದ ಅವರಿಗೆ ಕಲಿಸಿದ್ರೆ ಮುಗೀತು” ಅಂದ. ನಾಲ್ಕು ಶಬ್ದದ ವಿಷಯವಲ್ಲ ಅದು. ಸೇವ್, ಓಪನ್, ಪ್ರಿಂಟ್ ಅವಳಿಗೆ ನನ್ನಷ್ಟೇ ಗೊತ್ತು. ಯಾವತ್ತೂ ನೋಡದ ವಾಕ್ಯವೊಂದು ಗ್ರಾಹಕ ಎದುರಿಗೆ ನಿಂತಿರುವಾಗ ಬರುತ್ತದಲ್ಲ, ಆಗ ಅರ್ಥವಾಗಬೇಕು. ಬೆಂಗಳೂರಿನಲ್ಲಿರುವ ನನ್ನ ಭಾವಮೈದ ಕಂಪ್ಯೂಟರ್ ಕೆಲಸದವನೇ. ಅವನು ಹೇಳಿದ್ದರಲ್ಲಿ ಸ್ವಲ್ಪ ಹುರುಳಿತ್ತು: “ಭಾವ, ಮೆನು ಕನ್ನಡ ಮಾಡಿದ್ರೆ ನಾಳೆ ಏನಾದ್ರೂ ಕೆಟ್ಟಾಗ ಯೂಟ್ಯೂಬ್ ನೋಡಿ ಸರಿ ಮಾಡೋಕಾಗಲ್ಲ.” ಇದಕ್ಕೆ ಅನುಭವದಿಂದ ಕಂಡುಕೊಂಡ ಉತ್ತರ: ಭಾಷೆ ಬದಲಾದರೂ ಮೆನುವಿನ ಜಾಗ ಬದಲಾಗುವುದಿಲ್ಲ. ಮೇಲಿನಿಂದ ಮೂರನೆಯದು ಇಂಗ್ಲಿಷಿನಲ್ಲಿ ಏನೋ, ಕನ್ನಡದಲ್ಲೂ ಅದೇ. ಎಣಿಸಿಕೊಂಡು ಹೋದರಾಯಿತು.

ಮೂಲೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಬಿದ್ದಿತ್ತು. ಐ3, ನಾಲ್ಕು ಜಿಬಿ ರ್‍ಯಾಮ್. ಇದಕ್ಕೆ ಒಂದು ಎಸ್‌ಎಸ್‌ಡಿ, ಇನ್ನೊಂದು ನಾಲ್ಕು ಜಿಬಿ ರ್‍ಯಾಮ್ ಹಾಕಿಸಿದೆ. ಎರಡೂ ಸೇರಿ ಮೂರು ಸಾವಿರದ ಆಸುಪಾಸು. ಮೇಲೆ ವಿಂಡೋಸ್ ಬದಲಿಗೆ ಉಬುಂಟು 22.04 ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿದೆ, ಅದಕ್ಕೆ ಖರ್ಚು ಒಂದು ಪೆನ್‌ಡ್ರೈವ್ ಅಷ್ಟೇ. ಡಿಸ್‌ಪ್ಲೇ ಬದಲಿಸಿದ್ದು ಹತ್ತು ನಿಮಿಷದ ಕೆಲಸ. ಸೆಟ್ಟಿಂಗ್ಸ್‌ನಲ್ಲಿ ರೀಜನ್ ಆ್ಯಂಡ್ ಲಾಂಗ್ವೇಜ್, ಅಲ್ಲಿಂದ ಮ್ಯಾನೇಜ್ ಇನ್‌ಸ್ಟಾಲ್ಡ್ ಲಾಂಗ್ವೇಜಸ್, ಕನ್ನಡಕ್ಕೆ ಗುರುತು ಹಾಕಿ ಇಳಿಸಿಕೊಳ್ಳುವುದು, ಪಟ್ಟಿಯಲ್ಲಿ ಕನ್ನಡವನ್ನು ಎಳೆದು ಎಲ್ಲಕ್ಕಿಂತ ಮೇಲೆ ಇಡುವುದು, ಲಾಗ್‌ಔಟ್. ಮತ್ತೆ ಒಳಗೆ ಹೋದಾಗ ‘ಕಡತ’, ‘ಉಳಿಸು’, ‘ಮುದ್ರಿಸು’ ಅಂತ ಸಾಲಾಗಿ ಕಂಡಾಗ ನಾನು ಸುಮ್ಮನೆ ಐದು ನಿಮಿಷ ನೋಡುತ್ತ ಕೂತಿದ್ದೆ. ಎಲ್ಲ ಜಾಗದಲ್ಲೂ ಕನ್ನಡ ಬರುವುದಿಲ್ಲ, ಅನುವಾದ ಆಗದ ಸಾಲುಗಳು ಇಂಗ್ಲಿಷಿನಲ್ಲೇ ಉಳಿಯುತ್ತವೆ. ಆದರೆ ದಿನ ಬಳಕೆಯ ಹೆಚ್ಚಿನದು ಬರುತ್ತದೆ.

ಮೊದಲ ಸಲ ಒಳಗೆ ಹೋದಾಗ ಅದು ಒಂದು ಪ್ರಶ್ನೆ ಕೇಳುತ್ತದೆ, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಮುಂತಾದ ಫೋಲ್ಡರ್‌ಗಳ ಹೆಸರನ್ನೂ ಕನ್ನಡಕ್ಕೆ ಬದಲಿಸಲೇ ಅಂತ. ಉತ್ಸಾಹದಲ್ಲಿ ಹೂಂ ಅಂದೆ. ಅನ್ನಬಾರದು. ನಾನು ಸಂಜೆ ಆರಕ್ಕೆ ತಾನಾಗಿ ಬ್ಯಾಕಪ್ ಆಗುವ ಹಾಗೆ ಒಂದು ಸಣ್ಣ ಏರ್ಪಾಡು ಮಾಡಿಟ್ಟಿದ್ದೆ. ಅದು ಹುಡುಕುತ್ತಿದ್ದದ್ದು ಹಳೆಯ ಇಂಗ್ಲಿಷ್ ಹೆಸರಿನ ಫೋಲ್ಡರನ್ನು. ಒಂಬತ್ತು ದಿನ ಬ್ಯಾಕಪ್ಪೇ ಆಗಿರಲಿಲ್ಲ, ನನ್ನ ಗಮನಕ್ಕೇ ಬಂದಿರಲಿಲ್ಲ. ಈಗ ಯಾರಿಗೆ ಮಾಡಿಕೊಟ್ಟರೂ ಫೋಲ್ಡರ್ ಹೆಸರು ಹಳೆಯದ್ದೇ ಇಡುತ್ತೇನೆ.

ನಿಜವಾದ ಪರದಾಟ ಕೀಬೋರ್ಡಿನದ್ದು. ನಮಗೆ ಬೇಕಾದದ್ದು ಕೆ. ಪಿ. ರಾವ್ ಅವರ ವಿನ್ಯಾಸ, ನುಡಿಯಲ್ಲಿರುವ ಕಗಪ. ‘ಕನ್ನಡ’ ಅಂತ ಹೊಡೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ. ಇನ್‌ಸ್ಕ್ರಿಪ್ಟ್ ಅನ್ನುವ ಇನ್ನೊಂದು ಕೀಬೋರ್ಡ್ ವಿನ್ಯಾಸದಲ್ಲಿ ಅದೇ ಪದಕ್ಕೆ ಕೆ, ವಿ, ಡಿ, ವಿ, ಆಮೇಲೆ ಚೌಕ ಆವರಣದ ಕೀ. ಎರಡಕ್ಕೂ ಐದೇ ಒತ್ತು, ಇನ್‌ಸ್ಕ್ರಿಪ್ಟ್‌ನಲ್ಲಿ ಕುಂದೇನೂ ಇಲ್ಲ. ಆದರೆ ಹದಿನೇಳು ವರ್ಷದ ಬೆರಳು ಮಾತು ಕೇಳಬೇಕಲ್ಲ. ಒಂದು ವಾರ ಪ್ರಯತ್ನಪಟ್ಟೆ, ಪುಟಕ್ಕೆ ಹತ್ತು ನಿಮಿಷ ಆಗುತ್ತಿದ್ದದ್ದು ಮುಕ್ಕಾಲು ಗಂಟೆ ಆಯಿತು, ಬಿಟ್ಟೆ.

ಉಬುಂಟುವಿನ ಪಟ್ಟಿಯಲ್ಲಿ ‘ಕನ್ನಡ ಕಗಪ, ಫೊನೆಟಿಕ್’ ಅಂತ ಒಂದು ಕಾಣುತ್ತದೆ. ನೋಡಿ ಖುಷಿಯಾಗಿ ಅದನ್ನೇ ಸೇರಿಸಿ ಪಟ್ಟಿಯಲ್ಲಿ ಮೊದಲಿಗೆ ಇಟ್ಟೆ. ಎರಡು ಪೆಟ್ಟು ಬಿತ್ತು. ಒಂದು, ಪದದ ಮೊದಲಿಗೆ ‘ಇ’ ಬೇಕೆಂದು ಐ ಒತ್ತಿದರೆ ಚುಕ್ಕಿಗಳ ಒಂದು ವೃತ್ತ ಬಂದು ಅದರ ತಲೆಗೆ ಗುಡಿಸು ಅಂಟಿಕೊಳ್ಳುತ್ತದೆ. ಆ ವಿನ್ಯಾಸದಲ್ಲಿ ಬಿಡಿ ಸ್ವರ ಬೇಕಾದರೆ ಬಲಗಡೆಯ ಆಲ್ಟ್ ಕೂಡ ಹಿಡಿಯಬೇಕು. ನುಡಿಯಲ್ಲಿ ಅದೇ ತಾನಾಗಿ ತಿಳಿದುಕೊಳ್ಳುತ್ತದೆ. ‘ಇವರ ವಿವಾಹವು ಈ ತಿಂಗಳ’ ಅಂತ ಹೊಡೆಯುವಷ್ಟರಲ್ಲಿ ಎರಡು ಕಡೆ ವೃತ್ತ. ಇನ್ನೊಂದು, ಪರದೆ ಲಾಕ್ ಆದಾಗ ಪಾಸ್‌ವರ್ಡ್ ಹಾಕಿದರೆ ತಪ್ಪು ಅನ್ನುತ್ತದೆ. ಕಾಣುವುದು ಬರೀ ಚುಕ್ಕಿ, ಒಳಗೆ ಕನ್ನಡ ಅಕ್ಷರ ಬೀಳುತ್ತಿದೆ ಅಂತ ಗೊತ್ತಾಗುವುದು ಹೇಗೆ? ಎಸ್‌ಎಸ್‌ಡಿ ಹೋಯಿತೆಂದೇ ತಿಳಿದು ರಾತ್ರಿ ಹನ್ನೊಂದರವರೆಗೆ ಅಂಗಡಿಯಲ್ಲಿ ಕೂತಿದ್ದೆ. ಮರುದಿನ ಹೆಂಡತಿಯೇ ಪರದೆಯ ಮೇಲ್ತುದಿಯಲ್ಲಿದ್ದ ಸಣ್ಣ ಗುರುತನ್ನು ತೋರಿಸಿ, “ಇದು ಕನ್ನಡದಲ್ಲಿದೆ ನೋಡಿ” ಅಂದಳು.

ಕೊನೆಗೆ ಸಿಕ್ಕಿದ ದಾರಿ ಇದು. ‘ಐಬಸ್ ಎಂ17ಎನ್’ ಅನ್ನುವ ಪ್ಯಾಕೇಜ್ ಬೇರೆಯಾಗಿ ಹಾಕಿಕೊಳ್ಳಬೇಕು. ಲಾಗ್‌ಔಟ್ ಮಾಡಿ ಬಂದ ಮೇಲೆ ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದ ಕೆಳಗೆ ‘ಕೆಜಿಪಿ’ ಅಂತ ಇನ್ನೊಂದು ಕಾಣುತ್ತದೆ, ಆವರಣದಲ್ಲಿ ಎಂ17ಎನ್ ಅಂತಿರುತ್ತದೆ. ಅದೇ ನಮ್ಮದು. ‘ಇ’ ಪದದ ಮೊದಲಿಗೆ ಇಯಾಗಿಯೇ ಬರುತ್ತದೆ, ವ್ಯಂಜನದ ಮುಂದೆ ಗುಡಿಸಾಗಿ ಕೂರುತ್ತದೆ. ಪಟ್ಟಿಯಲ್ಲಿ ಇಂಗ್ಲಿಷ್ ಮೊದಲು, ಇದು ಎರಡನೆಯದು, ಹಳೆಯ ಕಗಪ ತೆಗೆದುಬಿಡಿ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಅತ್ತಿಂದಿತ್ತ. ಪಾಸ್‌ವರ್ಡಿನ ತೊಂದರೆ ಆಮೇಲೆ ಒಮ್ಮೆಯೂ ಬಂದಿಲ್ಲ.

ಬರೆಯಲು ಲಿಬ್ರೆಆಫೀಸ್. ಅದರಲ್ಲಿ ಕನ್ನಡದ ಫಾಂಟು ಮತ್ತು ಅಳತೆಯ ಲೆಕ್ಕ ಬೇರೆ, ಇಂಗ್ಲಿಷಿನದ್ದು ಬೇರೆ. ಆಪ್ಷನ್ಸ್‌ನಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಅನ್ನುವುದಕ್ಕೆ ಗುರುತು ಹಾಕಿ, ಸ್ಟೈಲ್‌ನಲ್ಲಿ ಅದರ ಕೆಳಗೆ ಕನ್ನಡದ ಫಾಂಟು ಕೊಡಬೇಕು. ನಾನು ಮೊದಲು ಮೇಲಿನ ಜಾಗದಲ್ಲಿ ಕೊಟ್ಟು, ಅಕ್ಷರ ಯಾಕೆ ದೊಡ್ಡದಾಗುತ್ತಿಲ್ಲ ಅಂತ ಅರ್ಧ ದಿನ ಕಳೆದೆ. ಗುಬ್ಬಿ, ನವಿಲು, ನೋಟೊ ಮೂರೂ ಹಾಕಿದ್ದೇನೆ. ನೋಟಿಸಿಗೆ ನೋಟೊ ಸೆರಿಫ್ ಚೆನ್ನಾಗಿ ಕಾಣುತ್ತದೆ, ಸಣ್ಣ ಅಳತೆಯಲ್ಲೂ ಒತ್ತಕ್ಷರ ಕಲಸಿಹೋಗುವುದಿಲ್ಲ.

ಪತ್ರಿಕೆ ಮಾಡುವವರು ಒಂದು ವಿಷಯ ಗಮನಿಸಿ. ‘ರಾಜ್‌ಕುಮಾರ್’ ಅಂತ ಹೊಡೆದರೆ ಯುನಿಕೋಡ್‌ನಲ್ಲಿ ಜಕಾರಕ್ಕೆ ಕಒತ್ತು ಸೇರಿ ‘ರಾಜ್ಕುಮಾರ್’ ಆಗುತ್ತದೆ. ಮದುಮಗನ ಹೆಸರೇ ಹಾಗಾದರೆ ಗ್ರಾಹಕರು ಸುಮ್ಮನಿರುವುದಿಲ್ಲ. ಅರ್ಧಾಕ್ಷರದ ನಂತರ ಕಾಣದ ಒಂದು ಅಕ್ಷರ ಹಾಕಬೇಕು. ಕಂಟ್ರೋಲ್, ಶಿಫ್ಟ್, ಯು ಒತ್ತಿ 200ಸಿ ಹೊಡೆದು ಎಂಟರ್ ಕೊಟ್ಟರೆ ಬರುತ್ತದೆ, ಇಂಗ್ಲಿಷ್ ಕೀಬೋರ್ಡ್ ಇದ್ದಾಗ. ಅದನ್ನು ಒಂದೇ ಕೀಲಿಗೆ ತಂದುಕೊಂಡಿದ್ದೇನೆ, ಅದು ಹೇಗೆಂದು ಇಲ್ಲಿ ಬರೆಯುವುದಿಲ್ಲ. ಎರಡು ಶ್ರಾವಣ, ಒಂದು ಮಾಘ ಕಳೆದ ಮೇಲೆ ಸಿಕ್ಕಿದ್ದು ಅದು.

ನಡುವೆ ಏನೇನೋ ಮಾಡಿ ನೋಡಿದೆ. ಕೀಗಳಿಗೆ ಅಂಟಿಸುವ ಕನ್ನಡದ ಸ್ಟಿಕರ್ ನೂರೈವತ್ತು ಕೊಟ್ಟು ತರಿಸಿದೆ. ಅದು ಇನ್‌ಸ್ಕ್ರಿಪ್ಟಿನದ್ದು, ನಮಗೆ ಬರಲಿಲ್ಲ. ಕಗಪದ್ದು ಸಿಗದೆ ನಾನೇ ವಿನೈಲ್ ಹಾಳೆಯಲ್ಲಿ ಪ್ರಿಂಟ್ ಹಾಕಿ ಕತ್ತರಿಸಿ ಅಂಟಿಸಿದೆ, ನಮ್ಮ ಮಳೆಗಾಲದ ತೇವಕ್ಕೆ ಒಂದು ತಿಂಗಳಲ್ಲಿ ಅಂಚು ಎದ್ದಿತು. ಈಗ ಪರದೆಯ ಪಕ್ಕ ಲ್ಯಾಮಿನೇಟ್ ಮಾಡಿದ ಒಂದು ಕಾರ್ಡ್ ಇದೆ, ಹೊಸಬರಿಗೆ ಅಷ್ಟು ಸಾಕು. ಗೂಗಲ್ ಡಾಕ್ಸ್‌ನಲ್ಲಿ ಮಾತಾಡಿದ್ದನ್ನು ಬರೆಯುವ ಸೌಲಭ್ಯ ಕನ್ನಡಕ್ಕೂ ಇದೆ, ಬೇಸಿಗೆಯಲ್ಲಿ ಪತ್ರಗಳಿಗೆ ಒಳ್ಳೆಯ ಉಪಯೋಗಕ್ಕೆ ಬಂತು. ಜೂನ್‌ನಲ್ಲಿ ತಗಡಿನ ಮಾಡಿನ ಮೇಲೆ ಮಳೆ ಶುರುವಾದ ಮೇಲೆ ಅದಕ್ಕೆ ನನ್ನ ಮಾತು ಕೇಳಿಸುವುದೇ ಇಲ್ಲ.

ಯುನಿಕೋಡಿಗಿಂತ ಹಿಂದಿನ ಆಸ್ಕಿ ಫಾಂಟಿನ ಫೈಲುಗಳಿಗೆ, ಪುಟ ಜೋಡಿಸುವ ಪೇಜ್‌ಮೇಕರ್ ಕೆಲಸಕ್ಕೆ ಹಳೆಯ ಡೆಸ್ಕ್‌ಟಾಪನ್ನು ಹಾಗೇ ಇಟ್ಟುಕೊಂಡಿದ್ದೇನೆ, ಅದನ್ನು ಮುಟ್ಟಿಲ್ಲ. ಅಲ್ಲಿಂದ ಯುನಿಕೋಡ್‌ಗೆ ತಿರುಗಿಸುವಾಗ ಅರ್ಕಾವತ್ತು ಜಾಗ ತಪ್ಪುತ್ತದೆ. ಆಸ್ಕಿಯಲ್ಲಿ ಅದು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ನಂತರ ಕೂತಿರುತ್ತದೆ, ಯುನಿಕೋಡ್‌ನಲ್ಲಿ ರಕಾರ ಮೊದಲು. ‘ಧರ್ಮ’, ‘ಕಾರ್ಯ’ ಹುಡುಕಿ ಒಮ್ಮೆ ನೋಡಿದರೆ ಪರಿವರ್ತನೆ ನೆಟ್ಟಗಿದೆಯೋ ಇಲ್ಲವೋ ತಿಳಿಯುತ್ತದೆ. ಸರಿಪಡಿಸುವ ನನ್ನ ಕ್ರಮ ಅಂಗಡಿಯ ಅನ್ನ, ಅದನ್ನೂ ಇಲ್ಲಿ ಹೇಳುವುದಿಲ್ಲ.

ಒಟ್ಟು ಖರ್ಚು ನೆನಪಿನಿಂದ ಹೇಳುವುದಾದರೆ ಐದೂವರೆ ಸಾವಿರ. ಅದರಲ್ಲಿ ಎರಡು ಸಾವಿರದ ಮುನ್ನೂರು ರಿಪೇರಿಗೆ, ಕೀಗೆ ಹೋದದ್ದು, ದಂಡ. ಕೈತಪ್ಪಿದ ಎರಡು ಮದುವೆ ಆರ್ಡರ್ ಲೆಕ್ಕಕ್ಕೆ ಹಿಡಿದಿಲ್ಲ.

ಕಳೆದ ತಿಂಗಳು ಕಾಗದ ತರಲು ಶಿವಮೊಗ್ಗಕ್ಕೆ ಹೋಗಿದ್ದೆ. ಬರುವಷ್ಟರಲ್ಲಿ ಹೆಂಡತಿ ಒಬ್ಬಳೇ ವೈಕುಂಠ ಸಮಾರಾಧನೆಯ ಪತ್ರಿಕೆ ಮಾಡಿ, ತಿದ್ದಿಸಿ, ಇನ್ನೂರು ಪ್ರತಿ ತೆಗೆದುಕೊಟ್ಟು ಹಣ ಪಡೆದಿದ್ದಳು. ನಡುವೆ ಕಾಗದ ಸಿಕ್ಕಿಕೊಂಡು ಪರದೆಯ ಮೇಲೆ ಏನೋ ಬಂದಿತ್ತಂತೆ. ಓದಿ, ಟ್ರೇ ತೆಗೆದು ಸರಿ ಮಾಡಿದ್ದಾಳೆ. ನನಗೆ ಫೋನೇ ಬರಲಿಲ್ಲ.

ಅದನ್ನು ನೋಡಿದ ಮೇಲೆ ಪಕ್ಕದ ಬೀದಿಯ ಗೆಳೆಯನೇ ತನ್ನ ಲ್ಯಾಪ್‌ಟಾಪ್ ತಂದ. ಒಂದು ಸೊಸೈಟಿಯ ಗುಮಾಸ್ತರದ್ದೂ ಆಯಿತು, ಒಟ್ಟು ನಾಲ್ಕು ಮಾಡಿಕೊಟ್ಟಿದ್ದೇನೆ. ಗೆಳೆಯರಿಗೆ ಕಾಫಿ, ಉಳಿದವರಿಗೆ ಆರುನೂರು. ತರುವವರು ಚಾರ್ಜರ್ ಮರೆಯಬೇಡಿ, ಪ್ರಿಂಟರಿನ ಮಾಡೆಲ್ ನಂಬರ್ ಬರೆದುಕೊಂಡು ಬನ್ನಿ. ಕೆಲವು ಪ್ರಿಂಟರ್ ಉಬುಂಟುಗೆ ಹೊಂದುವುದಿಲ್ಲ, ಅದು ಮೊದಲೇ ಗೊತ್ತಾದರೆ ಇಬ್ಬರಿಗೂ ಒಂದು ದಿನ ಉಳಿಯುತ್ತದೆ.