ಕ್ಯಾಮೆರಾ ಇಟ್ಟು ದೂರ ಹೋಗಿ: ಗಾರ್ಡನ್ ಈಲ್ ವಿಡಿಯೋ ಮಾಡಿದ ಬಗೆ

ಗಾರ್ಡನ್ ಈಲ್ ಎಂಬ ಹಾವುಮೀನನ್ನು ದೂರದಿಂದ ನೋಡುವುದು ಸುಲಭ. ಮಾಲ್ಡೀವ್ಸ್‌ನಲ್ಲಿ ಹವಳದ ದಿಬ್ಬ ಮುಗಿದು ಮರಳಿನ ಇಳಿಜಾರು ಶುರುವಾಗುವ ಕಡೆ, ಸುಮಾರು 15 ಮೀಟರ್ ಆಳದಲ್ಲಿ, ನೂರಾರು ಮೀನುಗಳು ನೆಟ್ಟಗೆ ನಿಂತಿರುತ್ತವೆ. ಹತ್ತಿರ ಹೋದಂತೆ ಒಂದೊಂದೇ ಮರಳಿನಲ್ಲಿರುವ ತಮ್ಮ ಬಿಲಕ್ಕೆ ಇಳಿಯುತ್ತವೆ. ಎಷ್ಟೇ ಮೆಲ್ಲಗೆ ಈಜಿ, ನೀವು ತಲುಪುವಾಗ ಅಲ್ಲಿ ಬರೀ ಮರಳು.

ಅದಕ್ಕೇ ನಾನು ಕ್ಯಾಮೆರಾ ಅಲ್ಲಿ ಬಿಟ್ಟು ದೂರ ಹೋಗುವ ದಾರಿ ಹಿಡಿದೆ. ಸಣ್ಣ ಆಕ್ಷನ್ ಕ್ಯಾಮೆರಾ, ಗಿಡ್ಡ ಸ್ಟ್ಯಾಂಡು, ಅದರ ಕಾಲಿಗೆ ಕಟ್ಟಿದ ಸೀಸದ ತೂಕ. ಇಷ್ಟೇ ಸಾಮಾನು. ತೂಕ ಇಲ್ಲದಿದ್ದರೆ ಸೆಳವಿಗೆ ಸ್ಟ್ಯಾಂಡು ಅಲುಗಾಡುತ್ತದೆ.

ಎಲ್ಲಿ ಇಡಬೇಕು ಅನ್ನುವುದೇ ನಿಜವಾದ ಕೆಲಸ. ಈ ಮೀನು ಊಟ ಹುಡುಕಿಕೊಂಡು ಹೋಗುವುದಿಲ್ಲ. ನೀರಿನ ಜೊತೆ ತೇಲಿ ಬರುವ ಸೂಕ್ಷ್ಮ ಜೀವಿಗಳನ್ನು ನಿಂತಲ್ಲೇ ಹಿಡಿದು ತಿನ್ನುತ್ತದೆ. ಹಾಗಾಗಿ ಎಲ್ಲವೂ ಸೆಳವಿನ ಕಡೆಗೇ ಮುಖ ಮಾಡಿರುತ್ತವೆ. ಕ್ಯಾಮೆರಾವನ್ನು ಗುಂಪಿನ ಹಿಂದೆ ಇಟ್ಟರೆ ಸಿಗುವುದು ಬೆನ್ನು ಮಾತ್ರ. ನಾನು ಸೆಳವು ಬರುವ ಕಡೆಯಿಂದ ಸ್ವಲ್ಪ ಓರೆಯಾಗಿ ಇಡುತ್ತೇನೆ. ಆಗ ಮುಖವೂ ಸಿಗುತ್ತದೆ, ಬಾಯಿ ಹಾಕುವುದೂ ಕಾಣುತ್ತದೆ.

ಬಿಲಗಳನ್ನು ಮುಟ್ಟಲೇಬಾರದು. ಮೀನು ಗಟ್ಟಿಯಾದ ಬಾಲದ ತುದಿಯಿಂದ ಮರಳು ಕೊರೆದು, ಮೈಯ ಲೋಳೆಯಿಂದ ಗೋಡೆ ಕುಸಿಯದ ಹಾಗೆ ಅಂಟಿಸಿಕೊಂಡ ಮನೆ ಅದು. ಸುಮಾರು 40 ಸೆಂಟಿಮೀಟರ್ ಉದ್ದದ ಪ್ರಾಣಿ, ದಪ್ಪ ನಮ್ಮ ಬೆರಳಿನಷ್ಟು. ಬಾಲ ಯಾವಾಗಲೂ ಬಿಲದೊಳಗೇ ಇರುತ್ತದೆ. ಜೋಡಿಯಾಗುವಾಗಲೂ ಅಕ್ಕಪಕ್ಕದ ಬಿಲಗಳಿಂದಲೇ ಮೈ ಹೆಣೆದುಕೊಳ್ಳುತ್ತವೆ. ಮನೆ ಬಿಟ್ಟು ಹೊರಡದ ಇಂಥ ಸಂಸಾರ ಬೇರೆಲ್ಲಿ ಸಿಗುತ್ತೆ ಹೇಳಿ!

ಸೆಳವು ಹದವಾಗಿರುವ ಹೊತ್ತು ನೋಡಿ ಇಳಿಯಿರಿ. ಜಪಾನಿನ ಓಕಿನಾವಾದಲ್ಲಿ ವಿಜ್ಞಾನಿಗಳು ಇದೇ ಜಾತಿಯ, ಮೈಮೇಲೆ ಚುಕ್ಕೆಗಳಿರುವ ಗಾರ್ಡನ್ ಈಲ್‌ಗಳನ್ನು ನೀರು ಹರಿಯುವ ತೊಟ್ಟಿಯಲ್ಲಿಟ್ಟು ಗಮನಿಸಿದ್ದರು; 2022ರಲ್ಲಿ ಅದು ಪ್ರಕಟವಾಯಿತು. ಸೆಕೆಂಡಿಗೆ ಸುಮಾರು 0.2 ಮೀಟರ್ ಹರಿವಿನವರೆಗೂ ಅವು ಚೆನ್ನಾಗಿ ತಿಂದವು. ಹರಿವು ಜಾಸ್ತಿಯಾದಂತೆ ಮೈ ಬಾಗಿಸಿ, ಬಿಲದೊಳಗೆ ಇಳಿಯುತ್ತಾ ಹೋದವು. ನೀರಲ್ಲಿ ನಾನು ಕಂಡದ್ದೂ ಇದೇ. ಸೆಳವು ಜೋರಾದ ದಿನ ತಲೆ ಮಾತ್ರ ಹೊರಗಿರುತ್ತದೆ, ಅಂಥ ದಿನ ಕ್ಯಾಮೆರಾ ಇಟ್ಟು ಉಪಯೋಗವಿಲ್ಲ.

ಇಟ್ಟ ಮೇಲೆ ನಾನೂ ಜೊತೆಗಾರರೂ ದಿಬ್ಬದ ಮರೆಗೆ ಹೋಗುತ್ತೇವೆ. ಸುಮ್ನೆ ದೂರದಲ್ಲಿ ತೇಲುತ್ತಾ ಕಾದರೆ ಪ್ರಯೋಜನವಿಲ್ಲ, ಅವಕ್ಕೆ ಕಣ್ಣು ಬಲು ಚುರುಕು. ವಿಡಿಯೋದ ಮೊದಲ ಭಾಗದಲ್ಲಿ ಬರೀ ಖಾಲಿ ಮರಳು. ಆಮೇಲೆ ದೂರದವು ಮೊದಲು ಏಳುತ್ತವೆ, ಕ್ಯಾಮೆರಾದ ಪಕ್ಕದವು ಎಲ್ಲಕ್ಕಿಂತ ಕೊನೆಗೆ. ಹಾಗಾಗಿ ಬ್ಯಾಟರಿ ಪೂರ್ತಿ ತುಂಬಿರಬೇಕು, ಸಿಲಿಂಡರಿನಲ್ಲಿ ಗಾಳಿಯನ್ನೂ ಸಾಕಷ್ಟು ಉಳಿಸಿಕೊಂಡಿರಬೇಕು. ಕ್ಯಾಮೆರಾ ವಾಪಸ್ ತರಲು ಮತ್ತೆ ಆ ಆಳಕ್ಕೇ ಹೋಗಬೇಕಲ್ವಾ?