ಫ್ಲಾಯ್ಡ್ ರೋಸ್ ಬ್ರಿಡ್ಜ್: ಇಟ್ಟುಕೊಂಡಿದ್ದೇನೆ, ಆದರೆ ಅರ್ಧ ಕಟ್ಟಿಹಾಕಿ

ಲಾಕಿಂಗ್ ಟ್ರೆಮೊಲೊ (ಬಾರ್ ಅನ್ನುವ ಸಣ್ಣ ಹಿಡಿಯಿಂದ ಅಲುಗಾಡಿಸಿ ಸ್ವರ ಏರಿಳಿಸುವ, ತಂತಿಗಳನ್ನು ಬಿಗಿದು ಲಾಕ್ ಮಾಡುವ ಬ್ರಿಡ್ಜ್) ಇರುವ ಗಿಟಾರ್ ತಗೊಳ್ಳಬೇಕಾ ಬೇಡವಾ ಅಂತ ಯಾರಾದರೂ ಕೇಳಿದರೆ, ಬಾರ್ ಎಷ್ಟು ಬಳಸುತ್ತೀರಿ, ಬೆಂಡ್ (ಬೆರಳಿಂದ ತಂತಿ ಎಳೆದು ಸ್ವರ ಏರಿಸುವುದು) ಎಷ್ಟು ಮಾಡುತ್ತೀರಿ ಅಂತ ನಾನು ತಿರುಗಿ ಕೇಳುತ್ತೇನೆ. ನನ್ನದು ಸ್ವಲ್ಪ ಎಡಬಿಡಂಗಿ ಕಥೆ. ಆರ್ಕೆಸ್ಟ್ರಾದಲ್ಲಿ ಸಿನಿಮಾ ಹಾಡು, ಮನೆಯಲ್ಲಿ ಮೆಟಲ್, ಮಧ್ಯೆ ಕರ್ನಾಟಕ ಸಂಗೀತದ ಗಮಕವನ್ನು ಗಿಟಾರ್ ಮೇಲೆ ಎಳೆದು ನೋಡುವ ಚಟ. ಮೂರಕ್ಕೂ ಒಂದೇ ಗಿಟಾರ್. ಅದರಲ್ಲಿರುವುದು ಫ್ಲಾಯ್ಡ್ ರೋಸ್ ಅನ್ನುವ ಲಾಕಿಂಗ್ ಟ್ರೆಮೊಲೊ ಬ್ರಿಡ್ಜ್.

ಮೊದಲು ಅದರ ಒಳ್ಳೆಯ ಗುಣ ಹೇಳಿಬಿಡುತ್ತೇನೆ. 1954ರಲ್ಲಿ ಬಂದ ಸ್ಟ್ರಾಟೋಕಾಸ್ಟರ್‌ನಲ್ಲೂ ಬಾರ್ ಇತ್ತು. ಆದರೆ ಅದನ್ನು ಜೋರಾಗಿ ಒತ್ತಿ ಬಿಟ್ಟರೆ ತಂತಿ ನಟ್‌ನ (ಟ್ಯೂನಿಂಗ್ ಪೆಗ್‌ಗಳ ಹತ್ತಿರ ತಂತಿಗಳು ಹಾಯುವ ಪಟ್ಟಿ) ಸಂದಿಯಲ್ಲಿ ಸಿಕ್ಕಿಕೊಂಡು, ಮೊದಲಿದ್ದ ಜಾಗಕ್ಕೆ ಸರಿಯಾಗಿ ವಾಪಸ್ ಬರುವುದಿಲ್ಲ. ಪೆಗ್‌ಗೆ ಸುತ್ತಿದ ಭಾಗವೂ ಚೂರು ಸಡಿಲವಾಗುತ್ತದೆ. ಆಭರಣ ಮಾಡುವ ಕೆಲಸವೂ ಗೊತ್ತಿದ್ದ ಗಿಟಾರಿಸ್ಟ್ ಫ್ಲಾಯ್ಡ್ ರೋಸ್ 1970ರ ದಶಕದಲ್ಲಿ ಇದಕ್ಕೊಂದು ದಾರಿ ಹುಡುಕಿದರು. 1979ರಲ್ಲಿ ಪೇಟೆಂಟ್ ಸಿಕ್ಕಿತು. ಉಪಾಯ ಸರಳ: ತಂತಿಯನ್ನು ಎರಡೂ ತುದಿಯಲ್ಲಿ ಹಿಡಿದುಬಿಡು. ನಟ್‌ನಲ್ಲಿ ಎರಡೆರಡು ತಂತಿಗೆ ಒಂದರಂತೆ ಮೂರು ಕ್ಲ್ಯಾಂಪ್, ಬ್ರಿಡ್ಜ್‌ನ ಪ್ರತಿ ಸ್ಯಾಡಲ್‌ನಲ್ಲಿ (ತಂತಿ ಕೂರುವ ತುಂಡು) ಒಂದೊಂದು. ಜಾರುವುದಕ್ಕೆ ಜಾಗವೇ ಇಲ್ಲ. ತಂತಿ ಸಡಿಲಾಗಿ ಜೋತು ಬೀಳುವ ತನಕ ಬಾರ್ ಒತ್ತಿ ಬಿಡಿ, ಟ್ಯೂನರ್‌ನಲ್ಲಿ ಸೂಜಿ ಅಲ್ಲೇ ನಿಂತಿರುತ್ತದೆ. ಇದು ಜಾಹೀರಾತಿನ ಮಾತಲ್ಲ, ಸರಿಯಾಗಿ ಸೆಟ್ ಆದ ಬ್ರಿಡ್ಜ್ ನಿಜವಾಗಿಯೂ ಹಾಗೇ ಇರುತ್ತದೆ.

ತೊಂದರೆ ಇರುವುದು ಲಾಕ್‌ನಲ್ಲಿ ಅಲ್ಲ, ತೇಲುವುದರಲ್ಲಿ. ಬ್ರಿಡ್ಜ್ ಎರಡು ಕಂಬಗಳ ಮೇಲೆ ಚಾಕುವಿನಂಥ ಅಂಚಿನಲ್ಲಿ ನಿಂತಿರುತ್ತದೆ. ಒಂದು ಕಡೆ ತಂತಿಗಳ ಎಳೆತ, ಇನ್ನೊಂದು ಕಡೆ ಗಿಟಾರ್ ಹಿಂಭಾಗದಲ್ಲಿ ಕೊರೆದ ಗುಂಡಿಯಲ್ಲಿರುವ ಸ್ಪ್ರಿಂಗ್‌ಗಳ ಎಳೆತ. ಎರಡೂ ಸಮ ಇರುವಷ್ಟು ಹೊತ್ತು ಮಾತ್ರ ಶಾಂತಿ. 9-42 ಸೆಟ್ (ಅತಿ ತೆಳು ಮತ್ತು ಅತಿ ದಪ್ಪ ತಂತಿಯ ಅಳತೆ, ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ) ಹಾಕಿದರೆ ಆರು ತಂತಿಯ ಒಟ್ಟು ಎಳೆತ ಸುಮಾರು 38 ಕೆಜಿ, 10-46 ಹಾಕಿದರೆ 46ರ ಆಸುಪಾಸು. ಹಾಗಾಗಿ ದಪ್ಪ ತಂತಿಗೆ ಬದಲಿಸಿದರೆ ಬ್ರಿಡ್ಜ್ ಮುಂದಕ್ಕೆ ಬಾಗಿ ನಿಲ್ಲುತ್ತದೆ, ಹಿಂದಿನ ಸ್ಕ್ರೂ ಬಿಗಿ ಮಾಡಿ ಮತ್ತೆ ಮೊದಲಿಂದ ಟ್ಯೂನ್ ಮಾಡಬೇಕು. ಕಾರ್ಯಕ್ರಮದ ಮಧ್ಯೆ ಒಂದು ತಂತಿ ಹೋದರೆ ಉಳಿದ ಐದೂ ಮೇಲಕ್ಕೆ ಏರಿಬಿಡುತ್ತವೆ. ಹಾಡುವವರು ಬಂದು "ಅಣ್ಣಾ, ಇವತ್ತು ಗಂಟಲು ಸರಿಯಿಲ್ಲ, ಅರ್ಧ ಸ್ಟೆಪ್ ಇಳಿಸ್ತೀರಾ?" ಅಂದರೆ ಬೇರೆಯವರು ಒಂದು ನಿಮಿಷದಲ್ಲಿ ಇಳಿಸುತ್ತಾರೆ, ನಾನು ನಟ್‌ನ ಲಾಕ್ ಬಿಚ್ಚಲು ಅಲೆನ್ ಕೀ ಹುಡುಕುತ್ತಾ ಕೂರುತ್ತೇನೆ.

ನನಗೆ ನಿಜವಾಗಿ ಸಿಟ್ಟು ಬರಿಸಿದ್ದು ಗಮಕದ ವಿಷಯ. ಎ ತಂತಿಯನ್ನು ಷಡ್ಜ ಅಂತ ಇಟ್ಟುಕೊಂಡು, ಅದನ್ನು ಮೀಟಿ ಬಿಟ್ಟು, ಅದಕ್ಕಿಂತ ತೆಳು ತಂತಿಯಲ್ಲಿ ಗಾಂಧಾರವನ್ನು ಎಳೆಯಿರಿ. ಎಳೆದ ತಂತಿಯ ಬಿಗಿ ಹೆಚ್ಚಾಗುತ್ತದೆ, ಬ್ರಿಡ್ಜ್ ಅದಕ್ಕೆ ಬಗ್ಗುತ್ತದೆ, ಉಳಿದ ಎಲ್ಲ ತಂತಿಗಳೂ ಇಳಿಯುತ್ತವೆ, ಷಡ್ಜವೂ ಸೇರಿ! ಹಿನ್ನೆಲೆಯ ತಂಬೂರಿಯೇ ಅಲುಗಾಡಿದ ಹಾಗೆ. ಮೇಲಾಗಿ, ಬ್ರಿಡ್ಜ್ ಬಗ್ಗುವುದರಿಂದ ಅದೇ ಸ್ವರ ಮುಟ್ಟಲು ಬೆರಳು ಜಾಸ್ತಿ ದೂರ ತಳ್ಳಬೇಕು. ಬರೀ ರಾಕ್ ಸೋಲೋ ಹೊಡೆಯುವವರಿಗೆ ಇದು ಅಷ್ಟಾಗಿ ಗೊತ್ತಾಗದೆ ಇರಬಹುದು, ಶ್ರುತಿ ಹಿಡಿದು ನುಡಿಸುವವರಿಗೆ ತಡೆಯುವುದಕ್ಕೆ ಆಗಲ್ಲ.

ಹಾಗಂತ ಗಿಟಾರ್ ಮಾರಲಿಲ್ಲ. ಬ್ರಿಡ್ಜ್ ಸ್ವರ ಇಳಿಸುವ ಕಡೆಗೆ ಮಾತ್ರ ಬಗ್ಗುವ ಹಾಗೆ ಮಾಡಿಕೊಂಡೆ. ಮೊದಲು ಟ್ಯೂನ್ ಮಾಡಿ ಬ್ರಿಡ್ಜ್ ಅನ್ನು ಗಿಟಾರ್ ಮೈಗೆ ಸಮಾನಾಂತರವಾಗಿ ನಿಲ್ಲಿಸಿದೆ. ಹಿಂದಿನ ಪ್ಲೇಟ್ ಬಿಚ್ಚಿ, ಬ್ರಿಡ್ಜ್‌ನಿಂದ ಕೆಳಗಿಳಿದಿರುವ ಲೋಹದ ಬ್ಲಾಕ್‌ಗೂ ಗುಂಡಿಯ ಗೋಡೆಗೂ ಮಧ್ಯೆ ಎಷ್ಟು ಜಾಗ ಇದೆ ಅಂತ ಅಳೆದೆ. ಸ್ಪ್ರಿಂಗ್ ಇರುವ ಕಡೆಯ, ಅಂದರೆ ನೆಕ್ (ಗಿಟಾರ್‌ನ ಕತ್ತು) ಕಡೆಯ ಜಾಗ. ಇನ್ನೊಂದು ಬದಿಗೆ ತುಂಡು ಇಟ್ಟರೆ ಬಾರ್ ಕೆಳಗೆ ಒತ್ತುವುದಕ್ಕೇ ಆಗುವುದಿಲ್ಲ, ಅದನ್ನು ಅದಲುಬದಲು ಮಾಡಬೇಡಿ. ಬಡಗಿಯ ಹತ್ತಿರ ಸಿಕ್ಕ ತೇಗದ ಚೂರನ್ನು ಸ್ವಲ್ಪ ಸ್ವಲ್ಪವೇ ಉಜ್ಜಿ, ಅಲ್ಲಿ ಸರಿಯಾಗಿ ಕೂರುವಷ್ಟು ಮಾಡಿ, ಎರಡೂ ಕಡೆ ಅಂಟುವ ಟೇಪ್ ಹಾಕಿ ಕೂರಿಸಿದೆ. ಆಮೇಲೆ ಸ್ಪ್ರಿಂಗ್ ಹಿಡಿದಿರುವ ಎರಡು ಸ್ಕ್ರೂಗಳನ್ನು ಇನ್ನೊಂದಿಷ್ಟು ಬಿಗಿ ಮಾಡಿದೆ, ಬ್ಲಾಕ್ ಮರಕ್ಕೆ ಒತ್ತಿ ನಿಲ್ಲಬೇಕು. ಅಲ್ಲೇ ಬೆಸುಗೆ ಹಾಕಿದ ಗ್ರೌಂಡ್ ವೈರ್ ಇರುತ್ತದೆ, ಸ್ಕ್ರೂಡ್ರೈವರ್ ತಗುಲಿ ಅದು ಕಿತ್ತರೆ ಆಂಪ್‌ನಲ್ಲಿ ಗುಂಯ್ ಅನ್ನುವ ಸದ್ದು ಶುರುವಾಗುತ್ತದೆ.

ಎಷ್ಟು ಬಿಗಿ ಸಾಕು ಅಂತ ನೋಡುವುದು ಸುಲಭ. ದಪ್ಪ ಇ ತಂತಿ ಮೀಟಿ, ಅದು ಮೊಳಗುತ್ತಿರುವಾಗಲೇ ಜಿ ತಂತಿಯನ್ನು ಒಂದು ಪೂರ್ತಿ ಸ್ವರ (ಎರಡು ಫ್ರೆಟ್‌ನಷ್ಟು) ಎಳೆಯಿರಿ. ಇ ಇಳಿಯದಿದ್ದರೆ ಸಾಕು. ಅದಕ್ಕಿಂತ ಜಾಸ್ತಿ ಬಿಗಿ ಮಾಡಿದರೆ ಬಾರ್ ಸುಮ್ನೆ ಗಟ್ಟಿಯಾಗುತ್ತದೆ.

ಕಳೆದುಕೊಂಡಿದ್ದೂ ಇದೆ. ಬಾರ್ ಮೇಲಕ್ಕೆ ಎತ್ತಿ ಸ್ವರ ಏರಿಸುವುದು ಹೋಯಿತು, ಬಾರ್ ಅನ್ನು ಬೆರಳಿಂದ ತಟ್ಟಿದಾಗ ಬರುವ ಆ ಕುಲುಕು ಸದ್ದೂ ಹೋಯಿತು. ಅದೇ ಬೇಕು ಅನ್ನುವವರು ಈ ಕೆಲಸಕ್ಕೆ ಕೈ ಹಾಕಬೇಡಿ. ನನಗೆ ಡೈವ್ (ಬಾರ್ ಒತ್ತಿ ಸ್ವರ ಇಳಿಸುವುದು) ಉಳಿಯಿತು, ಷಡ್ಜ ಅಲುಗಾಡುವುದು ನಿಂತಿತು, ತಂತಿ ಕಿತ್ತರೂ ಹಾಡು ಮುಗಿಸಬಹುದು. ಪಾಮ್ ಮ್ಯೂಟ್ (ಬ್ರಿಡ್ಜ್ ಹತ್ತಿರ ಅಂಗೈ ಇಟ್ಟು ಸದ್ದು ಅಡಗಿಸುವುದು) ಮಾಡುವಾಗ ಅಂಗೈ ಒತ್ತಿ ಸ್ವರ ಏರುವ ಕಾಟವೂ ಇಲ್ಲ. ಇನ್ನೊಂದು ಲಾಭ: ತೇಲುವ ಬ್ರಿಡ್ಜ್‌ನಲ್ಲಿ ತಂತಿಗಳನ್ನು ಒಂದೊಂದಾಗಿಯೇ ಬದಲಿಸಬೇಕಿತ್ತು, ಈಗ ಆರನ್ನೂ ಒಟ್ಟಿಗೆ ಬಿಚ್ಚಿ ಫ್ರೆಟ್‌ಬೋರ್ಡ್ ಒರೆಸುತ್ತೇನೆ. ಆರ್ಕೆಸ್ಟ್ರಾದ ಅರ್ಧ ಸ್ಟೆಪ್ ಕಾಟ ಮಾತ್ರ ಹಾಗೇ ಇದೆ, ನಟ್ ಬಿಚ್ಚದೆ ವಿಧಿಯಿಲ್ಲ. 3 ಎಂಎಂ ಅಲೆನ್ ಕೀಯನ್ನು ಹೆಡ್‌ಸ್ಟಾಕ್ (ಪೆಗ್‌ಗಳಿರುವ ತುದಿ) ಹಿಂದೆ ಟೇಪ್ ಹಾಕಿ ಅಂಟಿಸಿದ್ದೇನೆ. ನಟ್ ಬಿಗಿ ಮಾಡುವ ಮುಂಚೆ ಬ್ರಿಡ್ಜ್ ಮೇಲಿನ ಫೈನ್ ಟ್ಯೂನರ್‌ಗಳನ್ನು (ಲಾಕ್ ಆದ ಮೇಲೂ ಸ್ವರ ಚೂರು ಸರಿಪಡಿಸುವ ಸ್ಕ್ರೂಗಳು) ಮಧ್ಯಕ್ಕೆ ತಂದಿಟ್ಟುಕೊಳ್ಳಿ. ಬಿಗಿ ಮಾಡುವಾಗ ಸ್ವರ ಚೂರು ಏರುತ್ತದೆ, ಸರಿಪಡಿಸಲು ಎರಡೂ ಕಡೆ ಜಾಗ ಬೇಕಲ್ವಾ.

ಸೆಕೆಂಡ್ ಹ್ಯಾಂಡ್ ಗಿಟಾರ್ ನೋಡುವವರು ಕಂಬಕ್ಕೆ ತಾಗುವ ಆ ಅಂಚನ್ನು ಟಾರ್ಚ್ ಹಾಕಿ ನೋಡಿ. ಅಗ್ಗದ ನಕಲಿಗಳ ಲೋಹ ಮೆತ್ತಗಿರುತ್ತದೆ, ಅಂಚು ಸವೆದು ಮೊಂಡಾದರೆ ಎಷ್ಟೇ ಸೆಟ್ ಮಾಡಿದರೂ ಟ್ಯೂನ್ ವಾಪಸ್ ಬರಲ್ಲ. ತಂತಿ ಪೂರ್ತಿ ಬಿಗಿ ಇರುವಾಗ ಕಂಬದ ಎತ್ತರ ತಿರುಗಿಸಿದರೂ ಅದೇ ಗತಿ. ನಟ್‌ನ ಸ್ಕ್ರೂ ತಲೆಗಳು ಸವೆದು ಗುಂಡಗಾಗಿದ್ದರೆ, ಹಿಂದಿನವರು ಬೇಕಾಬಿಟ್ಟಿ ಬಿಗಿ ಮಾಡಿದ್ದಾರೆ ಅಂತ ಲೆಕ್ಕ. ಅದನ್ನು ತೋರಿಸಿ ಬೆಲೆ ಇಳಿಸಿ.